‘ಪರಿ’ಯ ಕನ್ನಡ ಪುಟಗಳು: ಕೂಲಿಯ ಲೆಕ್ಕ ಬರೆಯುವ ಪತ್ರಿಕೋದ್ಯಮ

ಬಡವರ ಬಗ್ಗೆ ಬರೆಯುವ ವರದಿಗಳಿಗೆ ನಮ್ಮ ಪತ್ರಿಕೆಗಳಲ್ಲಿ ಬರ ಬಂದದ್ದೇ ಇಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆಯಂಗಳದಲ್ಲಿ ಕೊಡ ಹೊತ್ತು ನಡೆಯುವ ಹೆಂಗಸಿನ ಚಿತ್ರ, ಮಳೆಗಾಲದಲ್ಲಿ ಕುಸಿದ ಗೋಡೆಯ ಮುಂದೆ ನಿಂತ ಕುಟುಂಬ, ಫಲಿತಾಂಶದ ದಿನಗಳಲ್ಲಿ ಕೂಲಿಕಾರರ ಮಗಳು ಪಡೆದ ರ‍್ಯಾಂಕು: ಇವೆಲ್ಲ ಋತುಮಾನಕ್ಕೆ ತಕ್ಕಂತೆ ಬರುತ್ತವೆ, ಹೋಗುತ್ತವೆ. ಜಿಲ್ಲಾ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹಲವು ವರ್ಷ ಕುಳಿತು ಇಂಥ ವರದಿಗಳ ಕಾಗುಣಿತ ತಿದ್ದಿ, ಶೀರ್ಷಿಕೆ ಕೊಟ್ಟು ಪುಟಕ್ಕೆ ಕಳುಹಿಸುವುದು ನನ್ನ ಕೆಲಸವಾಗಿತ್ತು. ಅವುಗಳಲ್ಲಿ ಬಡತನ ಧಾರಾಳವಾಗಿ ಇರುತ್ತಿತ್ತು. ಆದರೆ ಆ ಹೆಂಗಸಿನ ದಿನದ ಕೂಲಿ ಎಷ್ಟು, ಅದನ್ನು ಕೊಡಬೇಕಾದವರು ಯಾರು, ಕೊಟ್ಟರೇ ಇಲ್ಲವೇ ಎಂಬುದು ಬಹುತೇಕ ಇರುತ್ತಿರಲಿಲ್ಲ. ಹಾಗಾಗಿ ‘ಪರಿ’ ಎಂಬ ಜಾಲತಾಣವನ್ನು ಓದಲು ತೊಡಗಿದಾಗ ನನ್ನ ಕಣ್ಣು ಮೊದಲು ಹುಡುಕಿದ್ದು ಈ ಲೆಕ್ಕವನ್ನೇ. ಕನ್ನಡದ ಓದುಗನಿಗೆ ಈ ತಾಣ ಒಂದು ಸೇವೆಯಾಗಿ ಎಷ್ಟರಮಟ್ಟಿಗೆ ಒದಗುತ್ತದೆ ಎಂಬ ವಿಮರ್ಶೆ ಇದು.

‘ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ’ ಎಂಬುದು ಇದರ ಪೂರ್ಣ ಹೆಸರು. ಪತ್ರಕರ್ತ ಪಿ. ಸಾಯಿನಾಥ್ ಅವರ ಸಂಪಾದಕತ್ವದಲ್ಲಿ 2014ರ ಡಿಸೆಂಬರ್ 20ರಂದು ಆರಂಭವಾದ ಇದನ್ನು ಮುಂಬೈನ ಕೌಂಟರ್ ಮೀಡಿಯಾ ಟ್ರಸ್ಟ್ ನಡೆಸುತ್ತದೆ. ಓದಲು ಚಂದಾ ಇಲ್ಲ, ನಡುವೆ ಜಾಹೀರಾತು ನುಗ್ಗುವುದಿಲ್ಲ, ಇಮೇಲ್ ವಿಳಾಸ ಕೊಟ್ಟರೆ ಮಾತ್ರ ಉಳಿದರ್ಧ ತೋರಿಸುತ್ತೇವೆ ಎಂಬ ಕಾಟವೂ ಇಲ್ಲ. ಇಂಗ್ಲಿಷಿನ ಜೊತೆಗೆ ಹತ್ತಕ್ಕೂ ಹೆಚ್ಚು ಭಾರತೀಯ ಭಾಷೆಗಳಲ್ಲಿ ವರದಿಗಳಿವೆ. ವರದಿಗಾರ, ಛಾಯಾಗ್ರಾಹಕ, ಸಂಪಾದಕರ ಹೆಸರುಗಳ ಜೊತೆಗೆ ಅನುವಾದಕರ ಹೆಸರನ್ನೂ ತಪ್ಪದೆ ಕೊಡುತ್ತಾರೆ. ಅನುವಾದಕರನ್ನು ಮುದ್ರಣ ದೋಷ ಕಂಡಾಗ ಮಾತ್ರ ನೆನೆಯುವ ನಮ್ಮ ಉದ್ಯಮದಲ್ಲಿ ಇದೊಂದು ಒಳ್ಳೆಯ ರೂಢಿ.

ತಾಣದ ಸ್ವಭಾವ ತಿಳಿಯಬೇಕಾದರೆ ಅದರ ಹಿಂದಿನ ಪತ್ರಿಕೋದ್ಯಮವನ್ನು ಸ್ವಲ್ಪ ತಿಳಿಯಬೇಕು. 1993ರಲ್ಲಿ ದೊರೆತ ಫೆಲೋಶಿಪ್ಪಿನ ನೆರವಿನಿಂದ ಸಾಯಿನಾಥ್ ತಮಿಳುನಾಡು, ಒಡಿಶಾ, ಬಿಹಾರ, ಮಧ್ಯಪ್ರದೇಶ ಮತ್ತು ಉತ್ತರಪ್ರದೇಶಗಳ ಅತ್ಯಂತ ಬಡ ಜಿಲ್ಲೆಗಳಲ್ಲಿ ಸುತ್ತಾಡಿ ಬರೆದ ವರದಿಗಳು 1996ರಲ್ಲಿ ಪುಸ್ತಕವಾಗಿ ಬಂದವು. ಆ ಪುಸ್ತಕ ಕನ್ನಡಕ್ಕೂ ಅನುವಾದಗೊಂಡು ನಮ್ಮಲ್ಲಿ ಬಹಳ ಜನ ಓದಿದ್ದಾರೆ. ಬರ ಬಂದಾಗ ಯಾರಿಗೆ ಲಾಭ, ಪರಿಹಾರದ ಹಣ ಎಲ್ಲಿಗೆ ಹರಿಯುತ್ತದೆ, ಗುತ್ತಿಗೆದಾರ ಯಾರು ಎಂಬ ಪ್ರಶ್ನೆಗಳನ್ನು ಬಡತನದ ವರದಿಯ ಕೇಂದ್ರಕ್ಕೆ ತಂದದ್ದು ಆ ಬರವಣಿಗೆಯ ಹೆಚ್ಚುಗಾರಿಕೆ. 2006ರಲ್ಲಿ ಮುಂಬೈನ ಫ್ಯಾಷನ್ ವಾರಕ್ಕೆ 512 ಪತ್ರಕರ್ತರು ನೋಂದಾಯಿಸಿಕೊಂಡಿದ್ದರೆ, ಹತ್ತಿ ಬೆಳೆದವರೇ ಸಾಲುಸಾಲಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದ ವಿದರ್ಭದಲ್ಲಿ ಹೊರಗಿನಿಂದ ಬಂದ ಪತ್ರಕರ್ತರು ಬೆರಳೆಣಿಕೆಯಷ್ಟಿದ್ದರು ಎಂದು ಅವರು ಬರೆದಿದ್ದರು. ಆ ವರ್ಷದ ಪ್ರದರ್ಶನದಲ್ಲಿ ಮೆರೆದದ್ದು ಹತ್ತಿಯ ಉಡುಪು. 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2011ರ ಜನಗಣತಿಯ ಪ್ರಕಾರ ದೇಶದ ಹಳ್ಳಿಗಳಲ್ಲಿದ್ದವರು 83.3 ಕೋಟಿ ಜನ. ಅಷ್ಟು ಜನರ ದುಡಿಮೆ ಮತ್ತು ಬದುಕಿಗೆ ದಿನಪತ್ರಿಕೆಯ ಮುಖಪುಟದಲ್ಲಿ ಜಾಗವಿಲ್ಲದಿದ್ದರೆ ಬೇರೆಯೇ ಒಂದು ಜಾಗ ಕಟ್ಟಬೇಕು ಎಂಬ ಹಟದಿಂದ ‘ಪರಿ’ ಹುಟ್ಟಿದೆ.

ಈ ತಾಣದ ಅತ್ಯುತ್ತಮ ವರದಿಗಳಲ್ಲಿ ಎದ್ದು ಕಾಣುವುದು ಕೆಲಸದ ವಿವರ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಭಾರತಿನಗರದ ಮೀನುಗಾರ ಹೆಂಗಸರು ಸಮುದ್ರಕ್ಕಿಳಿದು ಕಡಲಪಾಚಿ ಕೀಳುವುದರ ಕುರಿತ ಚಿತ್ರವರದಿಯನ್ನೇ ನೋಡಬಹುದು. ಉಸಿರಾಟದ ಯಾವ ಸಲಕರಣೆಯೂ ಇಲ್ಲದೆ, ಉಸಿರು ಕಟ್ಟಿ ಮುಳುಗಿ, ಬಂಡೆಗೆ ಅಂಟಿದ ಪಾಚಿಯನ್ನು ಕಿತ್ತು ತರುವ ಈ ಹೆಂಗಸರು ಕೈಬೆರಳುಗಳಿಗೆ ಏನು ಸುತ್ತಿಕೊಳ್ಳುತ್ತಾರೆ, ಸೀರೆಯನ್ನು ಹೇಗೆ ಬಿಗಿದು ಕಟ್ಟುತ್ತಾರೆ, ಪಾಚಿ ತುಂಬುವ ಚೀಲ ಎಲ್ಲಿರುತ್ತದೆ ಎಂಬುದನ್ನು ಚಿತ್ರಗಳು ಒಂದೊಂದಾಗಿ ತೋರಿಸುತ್ತವೆ. ಇತ್ತ ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನದ ನಿರ್ಬಂಧ, ಅತ್ತ ಬದಲಾಗುತ್ತಿರುವ ಕಡಲಿನ ಸ್ಥಿತಿ; ಇವೆರಡರ ನಡುವೆ ಅವರ ಕೆಲಸದ ದಿನಗಳು ಕಡಿಮೆಯಾಗುತ್ತಿವೆ. ವರದಿ ಓದಿ ಮುಗಿಸಿದಾಗ ನನಗೆ ಅವರ ಮೇಲೆ ಅಯ್ಯೋ ಪಾಪ ಎನ್ನಿಸಲಿಲ್ಲ. ಕಡಲಿನ ಬಗ್ಗೆ ಬಲ್ಲವರೊಬ್ಬರ ಮಾತನ್ನು ಕೇಳಿದಂತಾಯಿತು. ಹವಾಮಾನ ಬದಲಾವಣೆಯ ಬಗ್ಗೆ ವಿಜ್ಞಾನಿಯನ್ನು ಕೇಳುವುದು ನಮ್ಮ ಪತ್ರಿಕೆಗಳ ವಾಡಿಕೆ. ಕಡಲಲ್ಲಿ ಮುಳುಗಿ ಏಳುವವರನ್ನು ಕೇಳಿದರೆ ಬೇರೆ ಬಗೆಯ ಸಾಕ್ಷ್ಯ ಸಿಗುತ್ತದೆ ಎಂಬುದನ್ನು ಈ ವರದಿ ತೋರಿಸಿಕೊಟ್ಟಿದೆ.

ಲೆಕ್ಕದ ವಿಷಯಕ್ಕೆ ಬಂದರೆ ಕಬ್ಬು ಕಡಿಯುವವರ ವರದಿಗಳು ಮುಖ್ಯ. ಮರಾಠವಾಡದ ಬೀಡ್ ಮೊದಲಾದ ಜಿಲ್ಲೆಗಳಿಂದ ಸುಗ್ಗಿಯ ಕಾಲಕ್ಕೆ ಪಶ್ಚಿಮ ಮಹಾರಾಷ್ಟ್ರಕ್ಕೂ, ಗಡಿ ದಾಟಿ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಬರುವ ಈ ಜನರನ್ನು ಕಾರ್ಖಾನೆಯ ಸಾಲುಗಾಡಿಗಳ ಹಿಂದೆ ಕಾಣದವರು ಉತ್ತರ ಕರ್ನಾಟಕದಲ್ಲಿ ವಿರಳ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೋಯ್ತಾ’, ಅಂದರೆ ಒಂದು ಕತ್ತಿ, ಎಂದು ಎಣಿಸುತ್ತಾರೆ. ಮುಂಗಡ ಕೊಡುವುದು ಈ ಜೋಡಿಗೆ, ಟನ್ನಿನ ಲೆಕ್ಕದಲ್ಲಿ ಕೂಲಿ ಕಟ್ಟುವುದೂ ಈ ಜೋಡಿಗೇ. ಹೆಂಗಸಿಗೆ ಪ್ರತ್ಯೇಕ ಕೂಲಿಯೇ ಇಲ್ಲ. ಒಂದು ದಿನ ಕೆಲಸ ತಪ್ಪಿಸಿದರೆ ಮುಕಾದಮ, ಅಂದರೆ ಕೂಲಿಕಾರರನ್ನು ಕರೆತರುವ ಗುತ್ತಿಗೆದಾರ, ದಂಡ ಹಿಡಿಯುತ್ತಾನೆ. ಈ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಅಸಹಜ ಸಂಖ್ಯೆಯಲ್ಲಿದ್ದಾರೆಂಬ ಸುದ್ದಿ 2019ರಲ್ಲಿ ದೇಶವನ್ನು ಬೆಚ್ಚಿಬೀಳಿಸಿದಾಗ, ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿಯು ಬೀಡ್ ಜಿಲ್ಲೆಯ ಸುಮಾರು 82 ಸಾವಿರ ಕಬ್ಬು ಕಡಿಯುವ ಹೆಂಗಸರ ಸಮೀಕ್ಷೆಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿರುವುದನ್ನು ಕಂಡಿತು. ಟಿ.ವಿ.ಯಲ್ಲಿ ಇದು ಎರಡು ದಿನದ ಆಘಾತವಾಗಿ ಮುಗಿಯಿತು. ಮುಂಗಡದ ಸಾಲ, ದಂಡ, ಜೋಡಿಯ ಎಣಿಕೆ, ಹೊಲದಲ್ಲಿ ನೀರು ಶೌಚಾಲಯಗಳಿಲ್ಲದಿರುವುದು, ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ ಓದಿದಾಗ ಮಾತ್ರ ಆ ಶಸ್ತ್ರಚಿಕಿತ್ಸೆಗಳ ಹಿಂದಿನ ಒತ್ತಡ ಅರ್ಥವಾಗುತ್ತದೆ, ಮತ್ತು ಅನ್ಯಾಯ ಎಂಬುದು ಯಾರದೋ ಕೆಟ್ಟತನದಿಂದ ಒಮ್ಮೆ ನಡೆದುಹೋದ ಘಟನೆಯಲ್ಲ, ವರ್ಷ ವರ್ಷವೂ ಸಹಿ ಬೀಳುವ ಕರಾರು ಎಂಬುದು ಗೊತ್ತಾಗುತ್ತದೆ. ಬೀಡ್ ಮತ್ತು ಮರಾಠವಾಡದ ಬಗ್ಗೆ ‘ಪರಿ’ ವರ್ಷಗಟ್ಟಲೆ ಬರೆಯುತ್ತ ಬಂದಿರುವುದರಿಂದಲೇ ಹೀಗೆ ಜೋಡಿಸಿ ಓದಲು ಸಾಧ್ಯ.

ಸಾವಿನ ಬಗ್ಗೆ ಹೇಗೆ ಬರೆಯಬೇಕು ಎಂಬುದು ಈ ಬಗೆಯ ಪತ್ರಿಕೋದ್ಯಮಕ್ಕೆ ಕಠಿಣ ಪರೀಕ್ಷೆ. 2020ರ ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಗಳ ಸೂಚನೆ ಕೊಟ್ಟು ಲಾಕ್‌ಡೌನ್ ಘೋಷಿಸಿದ ಮೇಲೆ, ತೆಲಂಗಾಣದ ಮೆಣಸಿನಕಾಯಿ ಹೊಲಗಳಲ್ಲಿ ಕೂಲಿಗೆ ಹೋಗಿದ್ದ ಹನ್ನೆರಡು ವರ್ಷದ ಆದಿವಾಸಿ ಬಾಲಕಿಯೊಬ್ಬಳು ಛತ್ತೀಸಗಢದ ಬಿಜಾಪುರ ಜಿಲ್ಲೆಯ (ನಮ್ಮ ವಿಜಯಪುರವಲ್ಲ) ತನ್ನ ಊರಿಗೆ ಮೂರು ದಿನ ನಡೆದು, ಊರು ಮುಟ್ಟುವ ಮೊದಲೇ ಏಪ್ರಿಲ್ 18ರಂದು ತೀರಿಕೊಂಡಳು. ದೇಶದ ಎಲ್ಲ ಮಾಧ್ಯಮಗಳೂ ಆ ಸುದ್ದಿಯನ್ನು ಬರೆದವು. ‘ಪರಿ’ಯ ವರದಿಗಾರರು ಆಕೆಯ ಊರಿಗೆ ಹೋಗಿ ತಂದೆ ತಾಯಿಯನ್ನು ಮಾತನಾಡಿಸಿ ಬರೆದ ವರದಿ ಸುದ್ದಿ ತಣ್ಣಗಾದ ಮೇಲೆ, ಮೇ ತಿಂಗಳಲ್ಲಿ ಪ್ರಕಟವಾಯಿತು. ತಡವಾಗಿ ಬಂದದ್ದು ಇಲ್ಲಿ ಗುಣವೇ ಆಗಿದೆ. ಮಗು ಯಾರ ಜೊತೆ ಹೋಗಿತ್ತು, ಯಾವ ಕೆಲಸಕ್ಕೆ ಹೋಗಿತ್ತು, ಹಾದಿ ಕಾಡಿನ ನಡುವೆ ಏಕೆ ಸಾಗಿತು ಎಂಬುದನ್ನು ವಿಶೇಷಣಗಳಿಲ್ಲದೆ ಹೇಳಿರುವುದರಿಂದ, ಬಸ್ತರಿನ ಕಡೆಯಿಂದ ಪ್ರತಿ ವರ್ಷ ಮೆಣಸಿನಕಾಯಿ ಬಿಡಿಸಲು ಹೋಗುವವರ ಗುಳೆಯೇ ಕಣ್ಣೆದುರು ಬರುತ್ತದೆ. ನಮ್ಮ ರಾಯಚೂರು, ಕೊಪ್ಪಳ, ಯಾದಗಿರಿಗಳಲ್ಲಿ ಗುಳೆ ಹೋಗುವವರ ಮಕ್ಕಳನ್ನು ಕಂಡವರಿಗೆ ಆ ವರದಿಯ ಹಾದಿ ಅಪರಿಚಿತವಲ್ಲ.

ವರದಿಯಲ್ಲಿ ಯಾರ ಮುಖ ಕಾಣುತ್ತದೆ ಎಂಬುದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದು. 2019ರಲ್ಲಿ ಸ್ವಯಂಸೇವಾ ಸಂಸ್ಥೆ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ಸುದ್ದಿತಾಣ ನ್ಯೂಸ್‌ಲಾಂಡ್ರಿ ಒಟ್ಟಾಗಿ ನಡೆಸಿದ ಅಧ್ಯಯನದಲ್ಲಿ, ಸುದ್ದಿಮನೆಗಳ 121 ಉನ್ನತ ಹುದ್ದೆಗಳ ಪೈಕಿ 106ರಲ್ಲಿ ಮೇಲ್ಜಾತಿಯವರಿದ್ದರು; ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದವರು ಒಬ್ಬರೂ ಇರಲಿಲ್ಲ. ನಾನು ಕೆಲಸ ಮಾಡಿದ ಡೆಸ್ಕಿನ ಚಿತ್ರವೂ ಇದಕ್ಕಿಂತ ಬೇರೆಯಾಗಿರಲಿಲ್ಲ, ಮತ್ತು ಯಾವುದು ‘ಮಾನವಾಸಕ್ತಿಯ ವರದಿ’, ಯಾವುದು ‘ಸುದ್ದಿ’ ಎಂಬ ವಿಂಗಡಣೆ ಈ ಕಾರಣದಿಂದಲೂ ಆಗುತ್ತಿತ್ತು: ಮೇಲಿನವರಿಗೆ ನೋವಾದರೆ ಅದು ಸುದ್ದಿ, ಕೆಳಗಿನವರಿಗೆ ನೋವಾದರೆ ಅದು ಮಾನವಾಸಕ್ತಿ. ‘ಪರಿ’ಯ ಛಾಯಾಗ್ರಾಹಕ ಎಂ. ಪಳನಿ ಕುಮಾರ್ ಮದುರೈ ಬಳಿಯ ಜವಾಹರಲಾಲ್‌ಪುರಂನವರು, ಮೀನು ಮಾರಿ ಬದುಕು ಕಟ್ಟಿದ ತಾಯಿಯ ಮಗ. ಮಲ ಹೊರುವ ಪದ್ಧತಿಯ ಬಗ್ಗೆ ಬಹುಕಾಲ ಕೆಲಸ ಮಾಡಿದವರು. ಮೇಲೆ ಹೇಳಿದ ಕಡಲಪಾಚಿಯ ಚಿತ್ರಗಳು ಅವರವೇ. 2022ರಲ್ಲಿ ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ಹೆಸರಿನೊಂದಿಗೆ ‘ಪರಿ’ ಆರಂಭಿಸಿದ ಸಾಕ್ಷ್ಯಚಿತ್ರ ಛಾಯಾಗ್ರಹಣ ಪ್ರಶಸ್ತಿ ಮೊದಲು ಸಂದದ್ದು ಅವರಿಗೆ. ತಾಯಿಯ ಬಗ್ಗೆ, ತನ್ನ ಕ್ಯಾಮೆರಾದ ಬಗ್ಗೆ ಅವರು ಬರೆದಿರುವ ಬರಹ ಈ ತಾಣದಲ್ಲಿ ನಾನು ಓದಿದ ಅತ್ಯುತ್ತಮ ಆತ್ಮವೃತ್ತಾಂತ. ಅವರ ಚಿತ್ರಗಳಲ್ಲಿ ದುಡಿಯುವವರು ಕ್ಯಾಮೆರಾವನ್ನು ಕಂಡು ಸಂಕೋಚಪಡುವುದಿಲ್ಲ. ಪರಿಚಯದ ಹುಡುಗ ಬಂದಿದ್ದಾನೆ ಎಂಬಂತೆ ಕೆಲಸ ಮುಂದುವರಿಸುತ್ತಾರೆ.

ಹೆಂಗಸರ ದುಡಿಮೆಯ ಕುರಿತ ಹಳೆಯ ಛಾಯಾಚಿತ್ರ ಪ್ರದರ್ಶನವೊಂದು ಇಲ್ಲಿ ಶಾಶ್ವತವಾಗಿ ನೆಲೆಸಿದೆ. 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ಸಾಯಿನಾಥ್ ತೆಗೆದ ಚಿತ್ರಗಳು ಅವು. ಇಟ್ಟಿಗೆ ಭಟ್ಟಿ, ನಾಟಿ ಗದ್ದೆ, ಸಂತೆಯ ದಾರಿ. ಎಲ್ಲೆಡೆ ಬಾಗಿದ ಬೆನ್ನುಗಳು. ನಮ್ಮೂರಿನ ಗದ್ದೆಯಲ್ಲಿ ಬೆಳೆದ ನನಗೂ ಆ ಚಿತ್ರಗಳ ಸಾಲನ್ನು ನೋಡುವವರೆಗೆ, ಹೆಂಗಸರಿಗೆಂದು ಮೀಸಲಾದ ಹೊಲದ ಕೆಲಸಗಳಲ್ಲಿ ಹೆಚ್ಚಿನವು ನೆಟ್ಟಗೆ ನಿಂತು ಮಾಡುವಂಥವಲ್ಲ ಎಂಬುದು ಹೊಳೆದಿರಲಿಲ್ಲ. ಒಂದೇ ಚಿತ್ರ ಈ ಮಾತನ್ನು ಹೇಳಲಾರದು, ಸಾಲಾಗಿ ನೋಡಿದಾಗ ಮಾತ್ರ ಹೇಳುತ್ತದೆ. ಇದೇ ಸಂಗ್ರಹದ ಇನ್ನೊಂದು ನಿಧಿ ಬೀಸುವ ಕಲ್ಲಿನ ಹಾಡುಗಳದು. ಹೇಮಾ ರೈರ್ಕರ್ ಮತ್ತು ಗೀ ಪ್ವಾತ್ವ್ಯಾಂ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಸಂಗ್ರಹಿಸಲು ತೊಡಗಿದ, ಒಂದು ಲಕ್ಷಕ್ಕೂ ಹೆಚ್ಚು ಹಾಡುಗಳಿರುವ ಈ ಮರಾಠಿ ಸಂಗ್ರಹವನ್ನು ‘ಪರಿ’ 2017ರಿಂದ ಧ್ವನಿಯೊಂದಿಗೆ ಪ್ರಕಟಿಸುತ್ತ ಬಂದಿದೆ. ಗಂಡನ ಮನೆಯ ಕಷ್ಟ, ಜಾತಿ, ಅಂಬೇಡ್ಕರರ ಬಗೆಗಿನ ಅಭಿಮಾನ, ಎಲ್ಲವೂ ಆ ಹಾಡುಗಳಲ್ಲಿವೆ. ನಮ್ಮ ಬೀಸುವ ಪದಗಳನ್ನು ಬಲ್ಲವರು ಕೇಳಬೇಕು.

ಇನ್ನು ಕನ್ನಡದ ಪುಟಗಳು. ಅನುವಾದಗಳ ಸಂಖ್ಯೆ ಗಣನೀಯ, ಕೆಲವದರ ಗುಣಮಟ್ಟ ತುಂಬ ಚೆನ್ನಾಗಿದೆ. ಕೃಷಿಯ ಮತ್ತು ಕಸುಬಿನ ಪದಗಳಿಗೆ ನಿಘಂಟಿನ ಪದ ತುರುಕದೆ ಊರಿನ ಪದವನ್ನು ಹುಡುಕುವ ಶ್ರಮ ಹಲವು ಕಡೆ ಕಾಣುತ್ತದೆ. ಆದರೆ ಕರ್ನಾಟಕದಿಂದಲೇ ಬಂದ ವರದಿಗಳಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ಕಾಡುಗೊಲ್ಲ ಹೆಂಗಸರನ್ನು ಮುಟ್ಟು ಮತ್ತು ಬಾಣಂತನದ ದಿನಗಳಲ್ಲಿ ಹಟ್ಟಿಯ ಹೊರಗಿಡುವ ಪದ್ಧತಿಯ ಬಗ್ಗೆ ‘ಪರಿ’ ಪ್ರಕಟಿಸಿದ ವರದಿ ವಿಷಯದ ದೃಷ್ಟಿಯಿಂದ ಗಟ್ಟಿಯಾದದ್ದು. ಮೌಢ್ಯ ನಿಷೇಧ ಕಾಯ್ದೆ ಎಂದು ನಾವು ಕರೆಯುವ 2017ರ ಶಾಸನ 2020ರ ಜನವರಿಯಲ್ಲಿ ಜಾರಿಗೆ ಬಂದು, ಹೆಂಗಸರನ್ನು ಹೀಗೆ ಬಲವಂತವಾಗಿ ಊರ ಹೊರಗಿಡುವುದನ್ನು ಅಪರಾಧವೆಂದು ಸಾರಿದ ಮೇಲೂ, ದೈವದ ಭಯ ಮತ್ತು ನೆರೆಹೊರೆಯ ಮಾತಿನ ಭಯದ ಎದುರು ಕಾಯ್ದೆಯ ಕೈ ಎಷ್ಟು ಮೋಟು ಎಂಬುದು ಅದರಲ್ಲಿ ಚೆನ್ನಾಗಿ ಬಂದಿದೆ. ಆದರೆ ಕನ್ನಡದಲ್ಲೇ ಆಡಿದ ಮಾತುಗಳು ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಮರಳುವಾಗ ಆ ಹೆಂಗಸರ ದನಿ ಕಳೆದುಹೋಗಿ, ಎಲ್ಲರೂ ಪಠ್ಯಪುಸ್ತಕದ ಭಾಷೆಯಲ್ಲಿ ಮಾತನಾಡತೊಡಗುತ್ತಾರೆ. ಸಂದರ್ಶನದ ಧ್ವನಿಮುದ್ರಣವನ್ನು ಅನುವಾದಕರಿಗೆ ಕಳುಹಿಸಿಕೊಟ್ಟರೆ ಸುಲಭವಾಗಿ ನಿವಾರಣೆಯಾಗಬಹುದಾದ ದೋಷ ಇದು. ತಮಿಳು, ಮರಾಠಿ ವರದಿಗಳಲ್ಲಿ ಇದನ್ನು ಕ್ಷಮಿಸಬಹುದು, ಸ್ವಂತ ಭಾಷೆಯಲ್ಲಿ ಕಷ್ಟ.

ಕರ್ನಾಟಕದ ಬಗೆಗಿನ ವರದಿಗಳೇ ಮಹಾರಾಷ್ಟ್ರ, ತಮಿಳುನಾಡುಗಳಿಗೆ ಹೋಲಿಸಿದರೆ ಕಡಿಮೆ. ಕನ್ನಡದಲ್ಲೇ ಮೊದಲು ಬರೆದು ಆಮೇಲೆ ಇಂಗ್ಲಿಷಿಗೆ ಹೋಗುವ ವರದಿಗಳು ಹೆಚ್ಚಬೇಕು. ತಾಲ್ಲೂಕು ಮಟ್ಟದಲ್ಲಿ ಬಿಡಿಸುದ್ದಿಗೆ ಬಿಡಿಗಾಸು ಪಡೆದು ದುಡಿಯುವ ನಮ್ಮ ಅರೆಕಾಲಿಕ ವರದಿಗಾರರಲ್ಲಿ ಅಂಥ ಬರವಣಿಗೆ ಬಲ್ಲವರು ಇದ್ದಾರೆ.

ತಾಣದ ಗ್ರಂಥಾಲಯ ವಿಭಾಗವನ್ನು ಬಹಳ ಜನ ಗಮನಿಸಿರಲಾರರು. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗದ ವರದಿಗಳಂಥ, ಎಲ್ಲರೂ ಹೆಸರು ಹೇಳುವ ಆದರೆ ಕೆಲವರೇ ಓದಿರುವ ದಾಖಲೆಗಳನ್ನು ಇಲ್ಲಿಂದ ಇಳಿಸಿಕೊಳ್ಳಬಹುದು, ಜೊತೆಗೆ ಮುಖ್ಯ ಅಂಶಗಳ ಸಾರಾಂಶವೂ ಸಿಗುತ್ತದೆ. ಕನಿಷ್ಠ ಬೆಂಬಲ ಬೆಲೆಯ ಬಗ್ಗೆ ಚರ್ಚೆಗೆ ಕೂರುವ ಮುನ್ನ ನಮ್ಮ ಟಿ.ವಿ. ನಿರೂಪಕರು ಇಲ್ಲಿಗೆ ಅರ್ಧ ಗಂಟೆ ಬಂದು ಹೋದರೆ ಉಪಕಾರವಾದೀತು. ಸಾರಾಂಶಗಳು ಬಹುಪಾಲು ಇಂಗ್ಲಿಷಿನಲ್ಲಿರುವುದು ಮಾತ್ರ ಕನ್ನಡ ಮಾತ್ರ ಬಲ್ಲವರಿಗೆ ಮುಚ್ಚಿದ ಬಾಗಿಲು. ‘ಮುಖಗಳು’ ಎಂಬ ವಿಭಾಗದಲ್ಲಿ ದೇಶದ ಪ್ರತಿ ಜಿಲ್ಲೆಯ ಸಾಮಾನ್ಯ ಹೆಂಗಸರು, ಗಂಡಸರು, ಮಕ್ಕಳ ಚಿತ್ರಗಳನ್ನು ಹೆಸರು, ಊರು, ಕಸುಬುಗಳೊಂದಿಗೆ ಕೂಡಿಡುವ ಯೋಜನೆಯಿದೆ. ಉದ್ದೇಶ ದೊಡ್ಡದು, ಆದರೆ ಮುಖ ನೋಡಿ ಮುಂದಿನ ಮುಖಕ್ಕೆ ಹೋಗುವುದರ ಹೊರತು ಓದುಗನಿಗೆ ಅಲ್ಲಿ ಹೆಚ್ಚೇನೂ ಕೆಲಸವಿಲ್ಲ.

ಹಣದ ಮೂಲದ ಬಗ್ಗೆ ವಿಮರ್ಶಕ ಕೇಳಲೇಬೇಕು. ಓದುಗರ ದೇಣಿಗೆ ಇಲ್ಲಿ ಮುಖ್ಯ. ಕೆಲವು ಸರಣಿಗಳಿಗೆ ಸಂಸ್ಥೆಗಳ ನೆರವಿದೆ: ಹವಾಮಾನ ಸರಣಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ್ದು, ಗ್ರಾಮೀಣ ಕಿಶೋರಿಯರ ಮತ್ತು ಯುವತಿಯರ ಆರೋಗ್ಯದ ಸರಣಿಗೆ ಪಾಪ್ಯುಲೇಷನ್ ಫೌಂಡೇಷನ್ ಆಫ್ ಇಂಡಿಯಾದ್ದು. ಎರಡನ್ನೂ ವರದಿಯ ಕೊನೆಯಲ್ಲೇ ಹೇಳಿರುತ್ತಾರೆ, ಮುಚ್ಚಿಟ್ಟಿಲ್ಲ. ಆರೋಗ್ಯದ ಸರಣಿಯಲ್ಲಿ ಹೆಂಗಸರ ಹೆಸರುಗಳನ್ನು ಅಗತ್ಯವಿದ್ದೆಡೆ ಬದಲಿಸಿದ್ದಾರೆ. ಸಂತ್ರಸ್ತೆಯ ಹೆಸರು ಬಿಟ್ಟು ಊರು, ಓಣಿ, ತಂದೆಯ ಕಸುಬು ಎಲ್ಲವನ್ನೂ ಬರೆದುಬಿಡುವ ನಮ್ಮ ವರದಿಗಾರಿಕೆ ಇದನ್ನು ನೋಡಿ ಕಲಿಯುವುದು ಒಳಿತು.

ಮೆಚ್ಚುಗೆ ಇಷ್ಟಿದ್ದರೂ ಎರಡು ತಕರಾರುಗಳಿವೆ. ಕೆಲವು ವರದಿಗಳು ಕಾವ್ಯಮಯವಾಗುವ ಹುಚ್ಚಿಗೆ ಬಿದ್ದು, ಸಂಜೆಯ ಬೆಳಕು, ಮುಖದ ಸುಕ್ಕು, ದೂರದ ಬೆಟ್ಟಗಳ ವರ್ಣನೆಯಲ್ಲಿ ಮೂರು ಪ್ಯಾರಾ ಕಳೆದು, ಕೂಲಿಯ ಮೊತ್ತವನ್ನು ಹೇಳುವ ಹೊತ್ತಿಗೆ ಓದುಗನನ್ನು ದಣಿಸಿರುತ್ತವೆ. ಅಳಿಯುತ್ತಿರುವ ಕಸುಬುಗಳ ಬಗೆಗಿನ ಬರಹಗಳಲ್ಲಿ ಈ ರೋಗ ಹೆಚ್ಚು. ಕಸುಬು ಅಳಿಯುತ್ತಿದೆ ಎಂಬ ಹಳಹಳಿಕೆಯಲ್ಲಿ, ಆ ಕಸುಬಿಗೆ ಯಾವ ಜಾತಿಯವರನ್ನು ಕಟ್ಟಿಹಾಕಲಾಗಿತ್ತು ಮತ್ತು ಅವರ ಮಕ್ಕಳು ಅದನ್ನು ಬಿಡಲು ಯಾಕೆ ಹಾತೊರೆಯುತ್ತಾರೆ ಎಂಬ ಪ್ರಶ್ನೆ ತೆಳುವಾಗುತ್ತದೆ. ಚಮ್ಮಾರಿಕೆ ಬಿಟ್ಟು ಬ್ಯಾಂಕಿನ ಗುಮಾಸ್ತನಾದವನ ಮನೆಯಲ್ಲಿ ಯಾರೂ ಅಳುತ್ತಿರುವುದಿಲ್ಲ.

ಎರಡನೆಯದು ದಿನಾಂಕದ ಸಮಸ್ಯೆ. ‘ಪರಿ’ ಒಂದೇ ವೇಳೆಗೆ ಪತ್ರಿಕೆಯೂ ಹೌದು, ದಾಖಲೆ ಭಂಡಾರವೂ ಹೌದು. ಹತ್ತು ವರ್ಷದ ಹಿಂದಿನ ವರದಿ ಇಂದು ವಾಟ್ಸಾಪ್‌ನಲ್ಲಿ ಬಂದಾಗ, ಅದರಲ್ಲಿನ ಕೂಲಿ, ಬೆಲೆ, ಪಿಂಚಣಿಯ ಮೊತ್ತಗಳನ್ನು ಇಂದಿನವೆಂದೇ ಓದುವವರು ಬಹಳ. ಪ್ರಕಟವಾದ ದಿನಾಂಕ ಪುಟದಲ್ಲಿ ಇರುತ್ತದೆ ನಿಜ, ಆದರೆ ಆ ಊರಿಗೆ ರಸ್ತೆ ಬಂತೇ, ತಡೆಹಿಡಿದ ಪಡಿತರ ಸಿಕ್ಕಿತೇ, ಆ ಹುಡುಗಿ ಶಾಲೆಗೆ ಮರಳಿದಳೇ ಎಂಬುದನ್ನು ತಿಳಿಯಲು ಹೆಚ್ಚಿನ ಸಂದರ್ಭಗಳಲ್ಲಿ ದಾರಿಯಿಲ್ಲ. ಅದೇ ವರದಿಗಾರರು ಅದೇ ಊರಿಗೆ ಮರಳಿ ಹೋಗಿ ಬರೆದಾಗ ಅಂಥ ಬರಹಗಳು ಮೊದಲಿನದಕ್ಕಿಂತ ತೂಕದವಾಗಿವೆ. ಅವುಗಳನ್ನು ಹಳೆಯ ವರದಿಯ ತಲೆಯ ಮೇಲೆಯೇ ಜೋಡಿಸಿ ಕಾಣಿಸುವಂತೆ ಮಾಡಿದರೆ ಓದುಗನಿಗೆ ಅನುಕೂಲ. ಅಧಿಕಾರಿಯ ಉತ್ತರವೂ ಅಷ್ಟೇ: ತಹಶೀಲ್ದಾರರನ್ನು ಕೇಳಿದೆವು, ಅವರು ಹೀಗೆಂದರು ಅಥವಾ ಮಾತನಾಡಲಿಲ್ಲ ಎಂಬ ಒಂದು ಸಾಲು ಎಲ್ಲ ವರದಿಗಳಲ್ಲೂ ಇರಬೇಕು, ಕೆಲವದರಲ್ಲಿ ಇಲ್ಲ.

ಮೊದಲ ಸಲ ಓದುವವರು ಕಡಲಪಾಚಿಯ ಚಿತ್ರವರದಿಯಿಂದ ಆರಂಭಿಸಿ, ಆಮೇಲೆ ಕಬ್ಬಿನ ಗದ್ದೆಗಳಿಗೆ ಬರಬಹುದು. ಮೊಬೈಲಿನಲ್ಲಿ ಚಿತ್ರಗಳು ನಿಧಾನವಾಗಿ ತೆರೆದುಕೊಳ್ಳುತ್ತವೆ, ಕನ್ನಡದಲ್ಲಿ ಟೈಪಿಸಿ ಹುಡುಕಿದರೆ ಬೇಕಾದ್ದು ಸದಾ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಜಿಲ್ಲೆಯ ಹೆಸರು ಹಾಕಿ ಹುಡುಕಿ, ವರದಿ ತೆರೆದ ಮೇಲೆ ಕನ್ನಡಕ್ಕೆ ಬದಲಿಸಿಕೊಳ್ಳುವುದು ಸುಲಭದ ಉಪಾಯ. ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಪಾಠ ಹೇಳುವವರು, ವಿದ್ಯಾರ್ಥಿಗಳ ಬರಹಗಳಿಗೂ ಇಲ್ಲಿ ಪ್ರತ್ಯೇಕ ವಿಭಾಗವಿದೆ ಎಂಬುದನ್ನು ಅವರಿಗೆ ತಿಳಿಸಬೇಕು. ದೇಣಿಗೆ ಕೊಡಲು ಯಾರೂ ಒತ್ತಾಯಿಸುವುದಿಲ್ಲ. ಒಂದು ದಿನಪತ್ರಿಕೆಯ ವರ್ಷದ ಚಂದಾದಷ್ಟು ಮೊತ್ತವನ್ನು ನಾನು ಕೊಡುತ್ತೇನೆ, ಮುಂದೆಯೂ ಕೊಡುವವನಿದ್ದೇನೆ, ಹಣದ ಜೊತೆಗೆ ಮೇಲಿನ ತಕರಾರುಗಳನ್ನೂ ಕಳುಹಿಸುತ್ತಿದ್ದೇನೆ.